5 ಕೆ.ಜಿ. ಇಳಿದ ಮೇಲೆ ತೂಕ ನಿಂತದ್ದೇಕೆ?

ಅವ್ವನಿಗೂ ದೊಡ್ಡವ್ವನಿಗೂ ಸಕ್ಕರೆ ಕಾಯಿಲೆ. ಆ ಭಯಕ್ಕೇ ನಾವು ಅಕ್ಕತಂಗಿಯರು ಮೂವರೂ ತೂಕ ಇಳಿಸಲು ಹೊರಟೆವು. ರಾತ್ರಿ ಅರ್ಧ ಮುದ್ದೆ, ಬೆಳಿಗ್ಗೆ ಕೆರೆ ಏರಿ ಮೇಲೆ ನಡಿಗೆ. 3 ತಿಂಗಳಲ್ಲಿ ತಲಾ 5 ಕೆ.ಜಿ. ಇಳಿಯಿತು. ಆಮೇಲೆ 2 ತಿಂಗಳಾದರೂ ಮುಳ್ಳು ಅಲುಗಲಿಲ್ಲ. “ನಮ್ಮ ಮನೆಯೋರ ಮೈಕಟ್ಟೇ ಹಂಗೆ, ಬಿಡ್ರವ್ವ” ಎಂದರು ದೊಡ್ಡವ್ವ. ನಮಗೆ ಬಿಡಲು ಮನಸ್ಸಾಗಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಲೆಕ್ಕ ಬಿಡಿಸಿ ಹೇಳಿದರು. ಮೈ ಹಗುರಾದಷ್ಟೂ ಅದು ಸುಡುವ ಶಕ್ತಿ ಕಡಿಮೆ. ಮೊದಲು ತೂಕ ಇಳಿಸಿದ ಊಟವೇ ಈಗ ಮೈಗೆ ಸರಿಸಮ ಆಗಿಬಿಡುತ್ತದೆ. ಆಗ ಸಣ್ಣಪುಟ್ಟದ್ದೂ ಲೆಕ್ಕಕ್ಕೆ ಬರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಅರ್ಧ ಗಂಟೆ ನಡೆದರೆ ಕರಗುವುದೂ ಹೆಚ್ಚುಕಡಿಮೆ ಅಷ್ಟೇ. ಟೀಗೆ ಹಾಕುವ ಸಕ್ಕರೆ ಬೇರೆ.

ನಮ್ಮಲ್ಲೊಬ್ಬಳಿಗೆ ಸದಾ ಸುಸ್ತು, ಮುಟ್ಟಿನ ಏರುಪೇರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಇರುವುದು ತಿಳಿಯಿತು, ಮಾತ್ರೆ ಶುರುವಾಯಿತು. ಉಳಿದಿಬ್ಬರು ಈಗ ಎಣ್ಣೆ ಅಳೆದು ಹಾಕುತ್ತೇವೆ, ಏರಿ ಮೇಲೆ ಇನ್ನೊಂದು ಸುತ್ತು ಹೆಚ್ಚು ನಡೆಯುತ್ತೇವೆ.

ನಿಮ್ಮ ತೂಕವೂ ನಿಂತಿದ್ದರೆ ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ತೂಕ ನಿಂತರೂ ಸೊಂಟ ಇಳಿಯುತ್ತಿದ್ದರೆ ನಡಿಗೆ ಬಿಡಬೇಡಿ.