ಖಟಕ್ ಎನ್ನುತ್ತಿದ್ದ ಕನ್ನಡಿ

ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟವರು ಯಾರೇ ಕೇಳಲಿ, ಮಿರರ್‌ಲೆಸ್ಸೇ ತಗೊಳ್ಳಿ ಎನ್ನುತ್ತೇನೆ. ಬೇರೆ ಮಾತು ಹೇಳಿ ಅವರ ದುಡ್ಡು ಹಾಳು ಮಾಡುವುದು ನ್ಯಾಯವಲ್ಲ. ಕ್ಯಾನನ್, ನಿಕಾನ್ ಎರಡೂ 2020ರ ಆಮೇಲೆ ಕನ್ನಡಿ ಇರುವ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಸೋನಿ 2021ರಲ್ಲಿ ತನ್ನ ಕನ್ನಡಿ ಕ್ಯಾಮೆರಾಗಳನ್ನು ಮಾರುವುದನ್ನೇ ನಿಲ್ಲಿಸಿತು. ಪೆಂಟಾಕ್ಸ್ ಒಂದು ಮಾತ್ರ ಹಠ ಹಿಡಿದು ಕೂತಿದೆ. ಹೊಸ ಲೆನ್ಸುಗಳು ಬರುತ್ತಿರುವುದು ಹೆಚ್ಚಾಗಿ ಮಿರರ್‌ಲೆಸ್ಸಿಗೇ. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿ, "ಮಾಮ, ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ" ಅಂದಾಗಲೂ ಒಂದೇ ಮಾತಲ್ಲಿ ಹೇಳಿದೆ. ಅವಳು ಖುಷಿಯಾಗಿ ಫೋನಿಟ್ಟಳು. ನನಗೆ ಮಾತ್ರ, ಹಳೇ ಮನೆ ಮಾರಿ ಅಪಾರ್ಟ್‌ಮೆಂಟ್ ತಗೊಳ್ಳಿ ಎಂದು ಅಣ್ಣತಮ್ಮಂದಿರಿಗೆ ಬುದ್ಧಿ ಹೇಳಿ ಬಂದವನ ಸಂಕಟ.

ಕನ್ನಡಿ ಇರುವ ಕ್ಯಾಮೆರಾಕ್ಕೆ ನಾನು ಮೊದಲು ಕಣ್ಣಿಟ್ಟದ್ದು ಎಂಬತ್ತರ ದಶಕದಲ್ಲಿ, ನಮ್ಮ ಮಲೆನಾಡಿನ ಪೇಟೆಯ ಸ್ಟುಡಿಯೋದಲ್ಲಿ. ಬಸ್‌ಸ್ಟ್ಯಾಂಡಿನ ಎದುರು ಮರದ ಮೆಟ್ಟಿಲು ಹತ್ತಿದರೆ ಮಹಡಿ ಮೇಲೆ. ಒಳಗೆ ಸರೋವರ, ಹಂಸ, ಬಿಳಿ ಕಂಬಗಳ ಅರಮನೆ ಬರೆದ ಪರದೆ. ಗೋಡೆಗೊಂದು ಕನ್ನಡಿ, ಅದರ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ, ಹಿಂದಿನಿಂದ ಪಿನ್ನು ಹಾಕಿ ಯಾರ ಮೈಗಾದರೂ ಹೊಂದಿಸಿಬಿಡುವ ಒಂದು ಕೋಟು. ಸ್ಟುಡಿಯೋದವರ ಹತ್ತಿರ ಪೆಂಟಾಕ್ಸ್ ಕೆ1000 ಇತ್ತು. 1976ರಿಂದ 1997ರವರೆಗೆ ತಯಾರಾದ ಆ ಮಾದರಿಯಲ್ಲಿ ಫೋಟೋಗ್ರಫಿಯ ಅ ಆ ಇ ಈ ಕಲಿತವರು ದೇಶದೇಶಗಳಲ್ಲಿದ್ದಾರೆ. ಬೆಳಕು ಅಳೆಯುವ ಮುಳ್ಳಿಗೆ ಒಂದು ಪುಟ್ಟ ಸೆಲ್ ಬೇಕು, ಅಷ್ಟೇ. ಮಿಕ್ಕಿದ್ದೆಲ್ಲ ಸ್ಪ್ರಿಂಗು, ಹಲ್ಲುಚಕ್ರಗಳ ಕೆಲಸ. ಗಿರಾಕಿಯಿಲ್ಲದ ಮಧ್ಯಾಹ್ನ ಅವರು ರೀಲು ತೆಗೆದ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ಪಟ್ಟಿ ಕೊರಳಿಗೆ ಹಾಕ್ಕೋ ಮಾರಾಯ, ಬೀಳಿಸಬೇಡ" ಎಂದು ಚಾ ಕುಡಿಯಲು ಇಳಿಯುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಬಸ್‌ಸ್ಟ್ಯಾಂಡು ನೋಡುತ್ತಿದ್ದೆ. ರಿಂಗು ತಿರುಗಿಸಿದರೆ ಕಡಲೆಕಾಯಿ ಮಾರುವವಳು ಮಬ್ಬಿನಿಂದ ಎದ್ದು ಬರುವಳು. ಇನ್ನಷ್ಟು ತಿರುಗಿಸಿದರೆ ಅವಳು ಕರಗಿ, ಹಿಂದೆ ನಿಂತ ಬಸ್ಸಿನ ಬೋರ್ಡು ಅಕ್ಷರ ಅಕ್ಷರವಾಗಿ ಮೂಡುವುದು. ಒಂದೂ ಫೋಟೋ ತೆಗೆಯಲಿಲ್ಲ, ರೀಲೇ ಇರಲಿಲ್ಲವಲ್ಲ. ನೋಡುವುದಕ್ಕೆ ಯಾರೂ ದುಡ್ಡು ಕೇಳುತ್ತಿರಲಿಲ್ಲ.

ಅಲ್ಲಿ ನಡೆಯುತ್ತಿದ್ದುದು ಇಷ್ಟು. ಲೆನ್ಸಿನಿಂದ ಒಳಬಂದ ಬೆಳಕು 45 ಡಿಗ್ರಿ ವಾಲಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗಿ, ಉಜ್ಜಿದ ಗಾಜಿನ ಮೇಲೆ ಬಿಂಬವಾಗಿ, ಪೆಂಟಾಪ್ರಿಸಂ ಎಂಬ ಮೂಲೆಮೂಲೆಯ ಗಾಜಿನ ಗಟ್ಟಿಯೊಳಗೆ ಹೊರಳಿ, ಎಡಬಲ ನೆಟ್ಟಗಾಗಿ ಕಣ್ಣಿಗೆ ಬರುತ್ತಿತ್ತು. ಕಡಲೆಕಾಯಿಯವಳ ಸೆರಗಿನ ಮೇಲೆ ಬಿದ್ದ ಬಿಸಿಲೇ ಇಷ್ಟು ತಿರುವು ಸುತ್ತಿ ನನ್ನ ಕಣ್ಣು ಮುಟ್ಟುತ್ತಿತ್ತು. ಗುಂಡಿ ಒತ್ತಿದರೆ ಕನ್ನಡಿ ಚಂಗನೆ ಮೇಲೇಳುವುದು, ಹಿಂದಿನ ಶಟರ್ ಸರಿಯುವುದು, ರೀಲಿಗೆ ಬೆಳಕು ಬೀಳುವುದು, ಕನ್ನಡಿ ಮತ್ತೆ ಇಳಿಯುವುದು. ಎಲ್ಲ ಸೇರಿ ಒಂದು ಖಟಕ್. ಆ ಚಣ ಕಣ್ಣಿಗೆ ಕತ್ತಲೆ. ಅದಕ್ಕೂ ಹಿಂದಿನ ಎಷ್ಟೋ ಕ್ಯಾಮೆರಾಗಳಲ್ಲಿ ರೀಲನ್ನು ಮುಂದಕ್ಕೆ ತಿರುಗಿಸುವ ತನಕ ಕತ್ತಲೆ ಹೋಗುತ್ತಲೇ ಇರಲಿಲ್ಲ. ಕನ್ನಡಿ ತಾನಾಗಿ ಇಳಿಯುವ ಏರ್ಪಾಡನ್ನು ಜಪಾನಿನ ಅಸಾಹಿ ಕಂಪನಿ 1954ರಲ್ಲಿ ತನ್ನ ಅಸಾಹಿಫ್ಲೆಕ್ಸಿನಲ್ಲಿ ತಂದಿತು. ಕತ್ತಲೆ ರೆಪ್ಪೆ ಬಡಿಯುವಷ್ಟಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಹಾಗಾಗಿ ಇಂಥ ಕ್ಯಾಮೆರಾ ಹಿಡಿದವನು ತಾನು ತೆಗೆದ ಫೋಟೋದ ಗಳಿಗೆಯನ್ನು ತಾನೇ ಕಂಡಿರುತ್ತಿರಲಿಲ್ಲ. ಹಿಂದಿನದನ್ನು ಕಂಡಿದ್ದ, ಮುಂದಿನದನ್ನು ಕಂಡಿದ್ದ, ನಡುವಿನದನ್ನು ನಂಬಿದ್ದ.

ಮದುವೆಮನೆಯಲ್ಲಿ ಈ ನಂಬಿಕೆಗೆ ಲೆಕ್ಕಾಚಾರವೂ ಸೇರುತ್ತಿತ್ತು. ಒಂದು ರೀಲಿಗೆ 36 ಫೋಟೋ, ಜಾಣತನದಿಂದ ಹಾಕಿದರೆ ಒಂದೋ ಎರಡೋ ಹೆಚ್ಚು. ಧಾರೆಗೆ ಇಷ್ಟು, ಮಾಂಗಲ್ಯಕ್ಕೆ ಇಷ್ಟು, ಸಪ್ತಪದಿಗೆ ಇಷ್ಟು ಎಂದು ಸ್ಟುಡಿಯೋದವರು ಮನಸ್ಸಿನಲ್ಲೇ ಪಾಲು ಮಾಡಿಟ್ಟುಕೊಂಡಿರುತ್ತಿದ್ದರು. ನಡುವೆ ಯಾರೋ ದೂರದ ನೆಂಟರು "ನಮ್ದೂ ಒಂದು ಹೊಡೀರಿ" ಎಂದು ಸಾಲಾಗಿ ನಿಂತರೆ, ಬರೀ ಫ್ಲಾಷ್ ಬೆಳಗಿಸಿ ಸಮಾಧಾನ ಮಾಡಿ ಕಳಿಸುವುದೂ ಇತ್ತು. ಪಾಪ, ಆಲ್ಬಂ ಬಂದ ಮೇಲೆ ಹುಡುಕಿಯೇ ಹುಡುಕುತ್ತಿದ್ದರು. ಖಟಕ್ ಕೇಳಿದ ಮೇಲೇ ಜನ ಹಿಡಿದಿದ್ದ ಉಸಿರು ಬಿಡುತ್ತಿದ್ದುದು. ಅಜ್ಜಿ ಸೆರಗು ಸಡಿಲಿಸುವಳು, ಹುಡುಗಿಯ ಅಪ್ಪ ಆ ಹೊತ್ತಿಗೆಂದು ತಂದುಕೊಂಡಿದ್ದ ನಗೆಯನ್ನು ಒಳಗಿಟ್ಟು ಅಡುಗೆಯವರನ್ನು ವಿಚಾರಿಸಲು ಹೊರಡುವರು. ಈಗ ಆಯಿತು ಎಂದು ತೆಗೆದವನಿಗೂ ನಿಂತವರಿಗೂ ಒಂದೇ ಸಲ ಗೊತ್ತಾಗುತ್ತಿತ್ತು.

ರೀಲು ಹೋಯಿತು, ಖಟಕ್ ಉಳಿಯಿತು. ಕ್ಯಾನನ್ 300ಡಿ 2003ರಲ್ಲಿ, ನಿಕಾನ್ ಡಿ70 ಮರುವರ್ಷ ಬಂದ ಮೇಲೆ ಡಿಎಸ್‌ಎಲ್‌ಆರ್ ಎಂಬುದು ಮೊದಲ ಬಾರಿಗೆ ಸಂಬಳದವರ ಕೈಗೆ ಎಟುಕಿತು. ಆಮೇಲಿನ ಹತ್ತು ವರ್ಷ ಅದರದೇ ಕಾಲ. ಭಾನುವಾರ ರಂಗನತಿಟ್ಟಿನ ದೋಣಿಗಳಲ್ಲಿ ಹುಟ್ಟು ಹಾಕುವವರನ್ನು ಬಿಟ್ಟು ಉಳಿದವರೆಲ್ಲರ ಕೊರಳಲ್ಲೂ ಕಪ್ಪು ಪಟ್ಟಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಹತ್ತಿರ ಬಂದರೆ ದೋಣಿಯವರು ಹುಟ್ಟು ನಿಲ್ಲಿಸುವರು, ಎಲ್ಲ ಕಡೆಯಿಂದ ಖಟಖಟಖಟ. ಒಬ್ಬರಿಗೊಬ್ಬರು ಪರಿಚಯವಾಗುತ್ತಿದ್ದುದು ಹೀಗೆ: "ಯಾವ ಬಾಡಿ ಸಾರ್? ಲೆನ್ಸು?" ಊರು, ಕೆಲಸ ಆಮೇಲೆ.

ಅದೇ ಹೊತ್ತಿನಲ್ಲಿ ಅದರ ಕಾಲ ಮುಗಿಯುವ ಸೂಚನೆಯೂ ಕಂಡಿತ್ತು, ನಮಗೆ ತಿಳಿಯಲಿಲ್ಲ ಅಷ್ಟೆ. 2008ರಲ್ಲಿ ನಿಕಾನ್ ಡಿ90 ವಿಡಿಯೋ ಕಲಿತು ಬಂತು, ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2 ಬಂತು. ಕಿರುಚಿತ್ರ ಮಾಡುವ ಹುಡುಗರಿಗೆ ಹಬ್ಬ. ಆದರೆ ಡಿಎಸ್‌ಎಲ್‌ಆರ್ ವಿಡಿಯೋ ತೆಗೆಯಬೇಕಾದರೆ ಕನ್ನಡಿ ಮೇಲೆದ್ದು ಹಾಗೇ ನಿಲ್ಲಬೇಕು. ಕಣ್ಣಿಡುವ ಕಿಂಡಿಯಲ್ಲಿ ಕತ್ತಲೆ, ನೋಡುವುದೆಲ್ಲ ಬೆನ್ನಿನ ಪರದೆಯಲ್ಲಿ. ಹಾಗಾದರೆ ಈ ಕನ್ನಡಿ ಯಾಕೆ ಬೇಕು ಎಂದು ಯಾರಿಗಾದರೂ ಹೊಳೆಯಲೇಬೇಕಿತ್ತು. ಪ್ಯಾನಸಾನಿಕ್‌ಗೆ ಅದೇ ವರ್ಷ ಹೊಳೆಯಿತು: ಲೆನ್ಸು ಬದಲಿಸಬಲ್ಲ ಮೊದಲ ಮಿರರ್‌ಲೆಸ್ ಜಿ1 ಬಂದದ್ದು 2008ರಲ್ಲೇ. 2018ಕ್ಕೆ ನಿಕಾನ್, ಕ್ಯಾನನ್ ಎರಡೂ ಪೂರ್ಣ ಅಳತೆಯ ಸೆನ್ಸರಿನೊಂದಿಗೆ ಆ ದಾರಿ ಹಿಡಿದವು. ಕನ್ನಡಿಗೆ ಜಾಗ ಬಿಡಬೇಕಾಗಿಲ್ಲವಾದ್ದರಿಂದ ನಿಕಾನಿನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರ 46.5 ಮಿಲಿಮೀಟರಿನಿಂದ 16ಕ್ಕೆ ಇಳಿಯಿತು. ಕ್ಯಾಮೆರಾ ತೆಳ್ಳಗಾಯಿತು, ಲೆನ್ಸು ಮಾಡುವವರಿಗೆ ಕೈಯಾಡಿಸಲು ಜಾಗ ಸಿಕ್ಕಿತು. ಇದನ್ನೆಲ್ಲ ಲಾಭವಲ್ಲ ಎನ್ನಲು ನನಗೆ ಬಾಯಿಲ್ಲ.

ಲಾಭಗಳು ಇನ್ನೂ ಇವೆ. ಸಂಗೀತ ಕಚೇರಿಯಲ್ಲಿ ಗಾಯಕರು ಷಡ್ಜದ ಮೇಲೆ ನಿಂತು ಇಡೀ ಸಭೆ ಸ್ತಬ್ಧವಾಗಿದ್ದಾಗ ಮುಂದಿನ ಸಾಲಿನಿಂದ ಖಟಕ್ ಎಂದರೆ ಹೇಗಿರುತ್ತಿತ್ತೆಂದು ಕೇಳಿದವರಿಗೆ ಗೊತ್ತು. ಫೋಟೋಗ್ರಾಫರನ್ನು ಎತ್ತಿ ಹೊರಗೆ ಹಾಕಬೇಕೆನಿಸುತ್ತಿತ್ತು. ಮಿರರ್‌ಲೆಸ್ ಮೌನವಾಗಿ ಕೆಲಸ ಮುಗಿಸುತ್ತದೆ. ಗೂಡಿನ ಮುಂದೆ ಕೂತ ಹಕ್ಕಿ ಬೆದರುವುದಿಲ್ಲ. ಹಕ್ಕಿಯ ಕಣ್ಣು ಎಲ್ಲಿದೆಯೆಂದು ಕ್ಯಾಮೆರಾವೇ ಹುಡುಕಿ ಹಿಡಿಯುತ್ತದೆ. ಫೋಟೋ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆಂಬುದು ಒತ್ತುವ ಮೊದಲೇ ಕಿಂಡಿಯಲ್ಲಿ ಕಾಣುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಕಿರೀಟದ ಹೊಳಪಿಗೂ ಮುಖದ ನೆರಳಿಗೂ ನಡುವೆ ಅಂದಾಜು ಹಾಕಿ ಸೋತು ಬೆಳಗಿನ ಜಾವ ಮನೆಗೆ ಬಂದವರಿಗೆ ಇದು ವರ.

ಕಿಂಡಿಯಲ್ಲಿ ಈಗ ಇರುವುದು ಪುಟ್ಟದೊಂದು ಪರದೆ. ಸೆನ್ಸರು ಕಂಡದ್ದನ್ನು ಕ್ಯಾಮೆರಾ ಲೆಕ್ಕ ಹಾಕಿ, ಬಣ್ಣ ಹೊಂದಿಸಿ, ಅಲ್ಲಿ ತೋರಿಸುತ್ತದೆ. ಅದಕ್ಕೆ ಕರೆಂಟು ಬೇಕು. ಡಿಎಸ್‌ಎಲ್‌ಆರ್ ಸ್ವಿಚ್ ಆಫ್ ಮಾಡಿದ್ದರೂ ಕಣ್ಣಿಟ್ಟರೆ ಆಚೆಗಿನ ಲೋಕ ಇತ್ತು. ಮಿರರ್‌ಲೆಸ್ ಆಫ್ ಆದರೆ ಕಪ್ಪು. ಜಪಾನಿನ ಕ್ಯಾಮೆರಾ ತಯಾರಕರು ಒಪ್ಪಿದ ಒಂದೇ ಅಳತೆಯಲ್ಲಿ 2017ರ ನಿಕಾನ್ ಡಿ850 ಒಂದು ಬ್ಯಾಟರಿಗೆ 1840 ಫೋಟೋ ತೆಗೆಯುತ್ತದೆ. ಹೆಚ್ಚುಕಡಿಮೆ ಅಂಥದೇ ಬ್ಯಾಟರಿಯಲ್ಲಿ ನಿಕಾನಿನದೇ ಮಿರರ್‌ಲೆಸ್ ಆದ ಮೊದಲ ಝಡ್6 ತೆಗೆಯುವುದು 310. ವಾಸ್ತವದಲ್ಲಿ ಎರಡೂ ಇದಕ್ಕಿಂತ ಹೆಚ್ಚೇ ಕೊಡುತ್ತವೆ, ಆದರೆ ಅಂತರ ನೋಡಿ. ಇನ್ನೊಂದು ಕಡೆ ಒತ್ತುವುದು ಪುಕ್ಕಟೆಯಾಗಿದೆ. 2021ರಲ್ಲಿ ಬಂದ ನಿಕಾನ್ ಝಡ್9ರಲ್ಲಿ ಕನ್ನಡಿ ಹಾಗಿರಲಿ, ಸರಿಯುವ ಶಟರೇ ಇಲ್ಲ. ಸವೆಯುವುದಕ್ಕೆ ಏನೂ ಇಲ್ಲದ ಮೇಲೆ ಬೆರಳು ಯಾಕೆ ಹಿಂಜರಿಯಬೇಕು? ನಮ್ಮ ಕಾಲದಲ್ಲಿ ನೋಡುವುದು ಬಿಟ್ಟಿ, ಒತ್ತುವುದು ದುಬಾರಿ. ಈಗ ಒತ್ತುವುದು ಬಿಟ್ಟಿ, ನೋಡುತ್ತ ಕೂತರೆ ಬ್ಯಾಟರಿ ಇಳಿಯುತ್ತದೆ. ನನ್ನ ತಕರಾರು ಇರುವುದು ಇಲ್ಲೇ, ಕನ್ನಡಿಯ ಮೇಲಿನ ಮೋಹ ಅದರ ನೆಪ.

ಕಾಯುವುದನ್ನೇ ಕಸುಬು ಮಾಡಿಕೊಂಡಿದ್ದ ಹಿರಿಯರು ನಮ್ಮಲ್ಲಿದ್ದರು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ರೀಲಿನ ಕಾಲದಲ್ಲಿ, ಕೈಯಲ್ಲೇ ಫೋಕಸ್ ತಿರುಗಿಸುತ್ತ, ಕಾಡಿನಲ್ಲಿ ತೆಗೆದ ಚಿತ್ರಗಳು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದವು. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದದ್ದನ್ನು ಅವರ ಪುಸ್ತಕಗಳನ್ನು ಓದಿದ ಯಾರೂ ಮರೆಯುವುದಿಲ್ಲ. ಅವರು 2007ರಲ್ಲಿ ತೀರಿಕೊಂಡರು, ಮಿರರ್‌ಲೆಸ್ ಬರುವ ಹಿಂದಿನ ವರ್ಷ. ಹೊಸ ಯಂತ್ರ ಎಂದರೆ ಬಿಚ್ಚಿ ನೋಡುವವರೆಗೆ ಸಮಾಧಾನವಿಲ್ಲದ ಅವರಿಗೆ ಇದು ಸಿಕ್ಕಿದ್ದರೆ ನನ್ನ ಈ ಗೊಣಗಾಟಕ್ಕೆ ನಕ್ಕುಬಿಡುತ್ತಿದ್ದರೋ ಏನೋ. ಆದರೂ ಹಕ್ಕಿ ಕೊಂಬೆ ಬಿಟ್ಟು ಹಾರುವ ಮುನ್ನ ಮೈ ಸ್ವಲ್ಪ ಕುಗ್ಗಿಸುತ್ತದೆ, ಅದನ್ನು ಅವರೆಲ್ಲ ದಿನಗಟ್ಟಲೆ ನೋಡಿ ಅರಿತಿದ್ದರು; ಹಕ್ಕಿ ಹಾರುವ ಮೊದಲೇ ಬೆರಳು ಹೊರಡುತ್ತಿತ್ತು. ಈಗಿನ ಕೆಲವು ಕ್ಯಾಮೆರಾಗಳಿಗೆ ಅದೂ ಬೇಡ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಒಳಗೊಳಗೇ ಚಿತ್ರ ತೆಗೆಯುತ್ತಲೇ ಇರುತ್ತವೆ. ಹಕ್ಕಿ ಹಾರಿದ ಮೇಲೆ ಪೂರ್ತಿ ಒತ್ತಿದರೂ, ಒತ್ತುವುದಕ್ಕೆ ಮುಂಚಿನ ಚಿತ್ರಗಳು ಕಾರ್ಡಿನಲ್ಲಿ ಸಿದ್ಧ. ತಡವಾಗಿ ಬಂದವನಿಗೂ ಊಟ ಉಂಟು. ಸಂತೋಷವೇ. ಹಕ್ಕಿ ಮೈ ಕುಗ್ಗಿಸುವುದನ್ನು ಮಾತ್ರ ಇನ್ನು ಯಾರು ನೋಡುತ್ತಾರೆ?

ಮದುವೆಮನೆಗೆ ಹೋದರೂ ಇದೇ. ನಾಲ್ಕು ಹುಡುಗರು, ಆರು ಕ್ಯಾಮೆರಾ, ಮೇಲೊಂದು ಡ್ರೋನು. ಯಾವಾಗ ತೆಗೆದರು, ಮುಗಿಯಿತೋ ಇಲ್ಲವೋ ಎಂಬುದು ಗೊತ್ತಾಗದೆ ಹಸೆಮಣೆಯ ಮೇಲಿನವರು ಬೆಳಗಿನಿಂದ ರಾತ್ರಿಯವರೆಗೆ ಒಂದೇ ನಗೆ ಹಿಡಿದು ಕೂತಿರುತ್ತಾರೆ. ಸಾವಿರಗಟ್ಟಲೆ ಫೋಟೋ ಹಾರ್ಡ್‌ಡಿಸ್ಕಿನಲ್ಲಿ ಬರುತ್ತವೆ, ಕರಿಜ್ಮಾ ಆಲ್ಬಂಗೆ ಆರಿಸುವುದಕ್ಕೆ ಗಂಡಹೆಂಡಿರಿಗೆ ಬಿಡುವಾಗುವಷ್ಟರಲ್ಲಿ ಮಗುವಿನ ನಾಮಕರಣ. ತಮಾಷೆಯೆಂದರೆ ಝಡ್9ರಂಥ ಸದ್ದಿಲ್ಲದ ಕ್ಯಾಮೆರಾಕ್ಕೂ ಕಂಪನಿಯವರು ಸ್ಪೀಕರಿನಿಂದ ಖಟಕ್ ಅನ್ನಿಸುತ್ತಾರೆ. ಬೇಕಾದಷ್ಟು ಏರಿಸಬಹುದು, ಇಳಿಸಬಹುದು, ಬೇರೆ ಬಗೆಯ ಸದ್ದು ಬೇಕೆಂದರೆ ಆರಿಸಿಕೊಳ್ಳಬಹುದು.

ಮಲೆನಾಡಿನಲ್ಲಿ ಕ್ಯಾಮೆರಾ ಸಾಕುವುದೇ ಒಂದು ಸಂಸಾರ. ಜೂನ್ ಹಿಡಿದು ಸೆಪ್ಟೆಂಬರಿನ ತನಕ ಲೆನ್ಸಿನೊಳಗೆ ಫಂಗಸ್ಸು ಬಲೆ ಕಟ್ಟದಂತೆ ನೋಡಿಕೊಳ್ಳಬೇಕು. ಡ್ರೈ ಕ್ಯಾಬಿನೆಟ್ಟಿನ ಹೆಸರೂ ಕೇಳದ ದಿನಗಳಲ್ಲಿ ಬೀರುವಿನ ಕೆಳಗಿನ ಖಾನೆಗೆ ಝೀರೋ ಬಲ್ಬು ಎಳೆದು ಹಗಲೂ ರಾತ್ರಿ ಉರಿಸುತ್ತಿದ್ದೆವು. ಅಮ್ಮ ಮಳೆಗಾಲದ ಹಪ್ಪಳ, ಸಂಡಿಗೆಯ ಡಬ್ಬಿಗಳನ್ನೂ ಅದೇ ಖಾನೆಗೆ ತುರುಕುತ್ತಿದ್ದಳು, ಲೆನ್ಸಿನ ಚೀಲಕ್ಕೆ ಇಂಗಿನ ವಾಸನೆ. ಹಾಗೆ ಉಳಿಸಿದ ಲೆನ್ಸುಗಳು ಈಗ ಅಡಾಪ್ಟರ್ ಹಾಕಿಕೊಂಡು ಹೊಸ ಬಾಡಿಗಳ ಮೇಲೆ ಕೂರುತ್ತವೆ, ನಿಜ. ಆದರೆ ನಿಕಾನಿನ ಹಳೆಯ ಡಿ ಸಾಲಿನ ಲೆನ್ಸುಗಳ ಫೋಕಸ್ಸು ತಿರುಗಿಸುತ್ತಿದ್ದ ಮೋಟಾರು ಇದ್ದದ್ದು ಬಾಡಿಯಲ್ಲಿ. ಮಿರರ್‌ಲೆಸ್ಸಿನಲ್ಲಿ ಆ ಮೋಟಾರಿಲ್ಲ, ಸ್ಟುಡಿಯೋದವರ ಕಾಲದ ಹಾಗೆ ಕೈಯಲ್ಲೇ ತಿರುಗಿಸಿಕೊಳ್ಳಬೇಕು. ಇದೊಂದು ವಿಷಯದಲ್ಲಿ ಹೊಸತು ನನ್ನನ್ನು ಹಿಂದಕ್ಕೆ ಕಳಿಸಿದೆ, ದೂರುವುದಿಲ್ಲ.

ಅಕ್ಕನ ಮಗಳಿಗೆ ಒಂದೇ ಮಾತಲ್ಲಿ ಹೇಳಿದೆನಲ್ಲ, ಅವಳ ಗೆಳತಿಯೊಬ್ಬಳಿಗೆ ಅಷ್ಟು ಸುಲಭವಾಗಿ ಹೇಳಲಾಗಲಿಲ್ಲ. ಆಕೆ ಪತ್ರಿಕೋದ್ಯಮ ಓದುತ್ತಿದ್ದಾಳೆ, ಕೈಯಲ್ಲಿ ದುಡ್ಡು ಕಡಿಮೆ. "ಹಾಗಾದರೆ ಹಳೇ ಡಿಎಸ್‌ಎಲ್‌ಆರ್ ತಗೊಳ್ಳಮ್ಮ, ಮಿರರ್‌ಲೆಸ್ಸಿಗೆ ಬದಲಾಯಿಸಿದವರೆಲ್ಲ ಸೆಕೆಂಡ್ ಹ್ಯಾಂಡಿಗೆ ಬಿಡುತ್ತಿದ್ದಾರೆ" ಎಂದೆ. ಅಂಥವರು ಹತ್ತಿರ ಇದ್ದರೆ ಅವರಿಗೂ ಇದನ್ನೇ ಹೇಳಿ. ಶಟರ್ ಕೌಂಟ್ ಎಷ್ಟಾಗಿದೆ ಕೇಳಿ. ಲೆನ್ಸಿಗೆ ಟಾರ್ಚು ಬಿಟ್ಟು ಒಳಗೆ ಬಿಳಿ ಎಳೆ ಇದೆಯೇ ನೋಡಿ, ಮಳೆಯೂರಿನದಾದರೆ ಎರಡು ಸಲ ನೋಡಿ. ಕನ್ನಡಿಯನ್ನು ಬೆರಳಿನಿಂದ ಮುಟ್ಟಬೇಡಿ, ಒರೆಸಲೂ ಬೇಡಿ. ಕನ್ನಡಿ ಬಡಿಯುವ ಜಾಗದ ಫೋಮು ಅಂಟಂಟಾಗಿದ್ದರೆ ಬೇರೆಯದು ಕೇಳಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಹತ್ತು ಹದಿನೈದು ಸಲ ಒತ್ತಿ, ಖಟಕ್ ಎಲ್ಲಾದರೂ ಎಳೆದ ಹಾಗೆ ಕೇಳಿಸಿದರೆ ಬಿಟ್ಟುಬಿಡಿ. ಇಷ್ಟು ಹೊತ್ತು ನಿಂತರೆ ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಡಿಎಸ್‌ಎಲ್‌ಆರ್ ಕೌಂಟರಿನಲ್ಲಿ ಅವರಿಗೂ ಈಗ ಬೇಕಾದಷ್ಟು ಬಿಡುವಿದೆ.