ಬಾಣಂತನದ ಮೂರು ತಿಂಗಳು

ಅಗ್ರಹಾರ, ಮೈಸೂರು

2 ಸೆಪ್ಟೆಂಬರ್ 2024, ಸೋಮವಾರ

ವಾರ್ಡಿನಲ್ಲಿ ಇವತ್ತು ಹುಟ್ಟಿ ಒಂದು ದಿನವೂ ತುಂಬದ ಕೂಸುಗಳೇ ಹೆಚ್ಚು. ಅವುಗಳ ಶ್ರವಣ ಪರೀಕ್ಷೆಯನ್ನು ನಾಳೆಗೆ ಬಿಟ್ಟೆ. ಮೊದಲ 24 ಗಂಟೆ ಕಿವಿಯ ನಾಳದಲ್ಲಿ ಗರ್ಭದ ಬಿಳಿ ಜಿಡ್ಡು, ನಡುಗಿವಿಯಲ್ಲಿ ನೀರು ಉಳಿದಿರುತ್ತವೆ. ಆಗ ಪ್ರೋಬ್ ಇಟ್ಟರೆ ಚೆನ್ನಾಗಿ ಕೇಳುವ ಮಗುವೂ ‘ರೆಫರ್’ (ಮತ್ತೆ ಪರೀಕ್ಷೆ ಬೇಕು) ಆಗುತ್ತದೆ, ಮನೆಯವರು ಸುಮ್ಮನೆ ಹೆದರುತ್ತಾರೆ. ಆದರೆ ಸಹಜ ಹೆರಿಗೆಯಾದವರು ಎರಡನೆಯ ದಿನವೇ ಊರಿಗೆ ಹೊರಡುತ್ತಾರೆ. ನನ್ನ ಕೆಲಸವೆಲ್ಲ ಆ ನಡುವಿನ ಕೆಲವು ಗಂಟೆಗಳಲ್ಲೇ ಮುಗಿಯಬೇಕು.

ಹಾಲು ಕುಡಿದು ಮಲಗಿದ ಮಗುವಾದರೆ ಓಎಇ ಎಂಬ ಈ ಪರೀಕ್ಷೆ ಕೆಲವೇ ನಿಮಿಷದ ಮಾತು. ಮೆತ್ತನೆಯ ತುದಿಯ ಪ್ರೋಬ್ ಕಿವಿಯೊಳಗೆ ಸಣ್ಣ ಶಬ್ದ ಬಿಡುತ್ತದೆ. ಒಳಗಿವಿಯ ಹೊರಸಾಲಿನ ರೋಮಕೋಶಗಳು ಸರಿಯಾಗಿದ್ದರೆ ಅವು ಅಲುಗಾಡಿ ತಾವೇ ಒಂದು ಅತಿ ಸಣ್ಣ ಸದ್ದನ್ನು ಹೊರಡಿಸುತ್ತವೆ. ಅದು ಕಿವಿಯ ನಾಳಕ್ಕೆ ಹಿಂತಿರುಗಿ ಬರುವಾಗ ಪ್ರೋಬಿನ ಮೈಕು ಹಿಡಿದುಕೊಳ್ಳುತ್ತದೆ. ಕಿವಿ ಸದ್ದು ಮಾಡಬಲ್ಲದು ಎಂದು ಥಾಮಸ್ ಗೋಲ್ಡ್ 1948ರಲ್ಲೇ ಊಹಿಸಿದ್ದರು. ಅದನ್ನು ಅಳೆದು ಲೋಕಕ್ಕೆ ತೋರಿಸಿದ್ದು ಲಂಡನ್ನಿನ ಡೇವಿಡ್ ಕೆಂಪ್, 1978ರಲ್ಲಿ. ಇಷ್ಟು ವರ್ಷವಾದರೂ ಪರದೆಯ ಮೇಲೆ ಆ ಸದ್ದಿನ ಗೀಟುಗಳು ಏಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಕಿಟಕಿ ಪಕ್ಕದ ಹಾಸಿಗೆಯ ಹೆಣ್ಣುಕೂಸು ಶನಿವಾರ ಸಿಸೇರಿಯನ್‌ನಲ್ಲಿ ಹುಟ್ಟಿದ್ದು. ತೂಕ ಚೆನ್ನಾಗಿದೆ, ಹುಟ್ಟಿದ ತಕ್ಷಣ ಅತ್ತಿದೆ, ಕಾಮಾಲೆಯಿಲ್ಲ, ಮನೆತನದಲ್ಲಿ ಕಿವುಡುತನವಿಲ್ಲ, ಸಂಬಂಧದಲ್ಲಿ ಮದುವೆಯೂ ಅಲ್ಲ. ಎರಡೂ ಕಿವಿಯಲ್ಲಿ ಗೀಟು ಏಳಲಿಲ್ಲ.

4 ಸೆಪ್ಟೆಂಬರ್, ಬುಧವಾರ

ಆ ಮಗುವಿಗೆ ಮತ್ತೆ ನೋಡಿದೆ. ಮತ್ತೆ ಎರಡೂ ಕಡೆ ರೆಫರ್. ಪೂರ್ತಿ ಪರೀಕ್ಷೆ ಆಗುವವರೆಗೆ ಏನನ್ನೂ ತೀರ್ಮಾನಿಸಬಾರದು ಎಂದು ತಾಯಿಗೆ ಹೇಳಿದೆ. ಆಕೆ ಕೇಳಿಸಿಕೊಂಡಳು. ಉತ್ತರ ಕೊಟ್ಟವರು ಮಗುವಿನ ಅಜ್ಜಿ: ‘ತಟ್ಟೆ ಬಡಿದ್ರೆ ಬೆಚ್ಚಿಬೀಳ್ತದೆ ಕಣಮ್ಮ, ನಾನೇ ನೋಡಿದ್ದೀನಿ.’

ಅಜ್ಜಿ ಮಾಡಿದ್ದೂ ಒಂದು ಪರೀಕ್ಷೆಯೇ. 1960ರ ದಶಕದಲ್ಲಿ ಅಮೆರಿಕದ ಡೆನ್ವರಿನಲ್ಲಿ ಮೇರಿಯನ್ ಡೌನ್ಸ್ ಶುರುಮಾಡಿದ್ದು ಇದನ್ನೇ. ಸ್ವಯಂಸೇವಕರು ತೊಟ್ಟಿಲ ಪಕ್ಕ ನಿಂತು ಸದ್ದು ಮಾಡಿ, ಕೂಸು ರೆಪ್ಪೆ ಬಡಿಯುತ್ತದೆಯೇ, ಕೈಕಾಲು ಅದುರಿಸುತ್ತದೆಯೇ ಎಂದು ಬರೆದುಕೊಳ್ಳುತ್ತಿದ್ದರು. ನೋಡುವವರ ಕಣ್ಣಿನಂತೆ ಉತ್ತರವೂ ಬದಲಾಗುತ್ತಿತ್ತು. ತಟ್ಟೆಯ ಸದ್ದು ಬಹಳ ಜೋರು. ಅರ್ಧಂಬರ್ಧ ಕೇಳುವ ಮಗುವೂ ಅದಕ್ಕೆ ಬೆಚ್ಚುತ್ತದೆ, ಮಾತಿನ ‘ಸ’ಕಾರ ಕೇಳದಿದ್ದರೂ. ಮಂಚ ಅದುರಿದರೂ, ಗಾಳಿ ಬೀಸಿದರೂ ಬೆಚ್ಚುತ್ತದೆ. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದ್ದು ಒಪ್ಪಿ ಅಲ್ಲ, ಗೌರವಕ್ಕೆ.

26ಕ್ಕೆ ಬರಬೇಕೆಂದು ಚೀಟಿ ಬರೆದುಕೊಟ್ಟೆ. ತವರು ಸರಗೂರಿನ ಕಡೆಯ ಹಳ್ಳಿ.

8 ಸೆಪ್ಟೆಂಬರ್, ಭಾನುವಾರ

ನಿನ್ನೆ ಗಣೇಶನ ಹಬ್ಬ. ನೂರೊಂದು ಗಣಪತಿ ಗುಡಿಯ ಮುಂದೆ ಸಾಲು ಸಂಜೆಯವರೆಗೂ ಕರಗಲಿಲ್ಲ. ವಾಣಿವಿಲಾಸ ಮಾರುಕಟ್ಟೆಯಲ್ಲಿ ಹೂವಿಗೆ ಬೆಂಕಿ ಬೆಲೆ. ಬೀದಿಯ ಮೈಕು ಈಗಲೂ ಹಾಡುತ್ತಿದೆ.

ಆ ಮಗುವಿನದೇ ಯೋಚನೆ. ಅಪಾಯದ ಪಟ್ಟಿಯಲ್ಲಿರುವ ಒಂದೂ ಕಾರಣ ಅದಕ್ಕಿಲ್ಲ. ಕಡಿಮೆ ತೂಕ, ಐದು ದಿನಕ್ಕಿಂತ ಹೆಚ್ಚು ಕಾಲ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇದ್ದದ್ದು, ತೀವ್ರ ಕಾಮಾಲೆ, ಮಿದುಳುಪೊರೆಯ ಸೋಂಕು, ಬಸಿರಿನಲ್ಲಿ ರುಬೆಲ್ಲಾ, ಮನೆತನದ ಕಿವುಡುತನ, ನಮ್ಮ ಕಡೆ ಸೋದರಮಾವನ ಜೊತೆ ಮದುವೆ: ಇವಿದ್ದವರನ್ನು ಮಾತ್ರ ಪರೀಕ್ಷಿಸಿದರೆ ಹುಟ್ಟಾ ಕೇಳದ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಕೈತಪ್ಪಿಹೋಗುತ್ತಾರೆ. ಸಾವಿರಕ್ಕೆ ಒಬ್ಬರಿಂದ ಮೂವರು ಎನ್ನುವುದು ಲೋಕದ ಲೆಕ್ಕ. ಆ ಒಬ್ಬರಿಗಾಗಿ ಉಳಿದೆಲ್ಲರ ಕಿವಿಗೂ ಪ್ರೋಬ್ ಇಡಲೇಬೇಕು, ಬೇರೆ ದಾರಿಯಿಲ್ಲ. ಇದು ದುಂದು ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

19 ಸೆಪ್ಟೆಂಬರ್, ಗುರುವಾರ

ಎನ್‌ಐಸಿಯುವಿನಿಂದ ಹೊರಬಂದ ಗಂಡುಮಗು. ಕಾಮಾಲೆ ಏರಿ ರಕ್ತ ಬದಲಾಯಿಸಿದ್ದರು. ಓಎಇ ಎರಡೂ ಕಡೆ ಪಾಸ್. ತಂದೆ ಕೈಮುಗಿದು ಹೊರಟೇಬಿಟ್ಟಿದ್ದರು, ಬಾಗಿಲಲ್ಲಿ ತಡೆದು ಕೂರಿಸಿದೆ. ಹಣೆಗೂ ಎರಡು ಕಿವಿಗಳ ಹಿಂದಕ್ಕೂ ಎಲೆಕ್ಟ್ರೋಡ್ ಅಂಟಿಸಿ, ಸದ್ದಿಗೆ ನರ ಮತ್ತು ಮಿದುಳುಕಾಂಡದಲ್ಲಿ ಏಳುವ ಅಲೆ ನೋಡುವ ಬೆರಾ ಪರೀಕ್ಷೆ ಮಾಡಿದೆ. 35 ಡೆಸಿಬಲ್‌ನ ಕ್ಲಿಕ್ಕಿಗೆ ಅಲೆ ಕಾಣಬೇಕಿತ್ತು, ಕಾಣಲಿಲ್ಲ.

ಓಎಇ ನೋಡುವುದು ರೋಮಕೋಶಗಳವರೆಗೆ ಮಾತ್ರ. ಅಲ್ಲಿಂದಾಚೆ ನರ, ಮಿದುಳುಕಾಂಡ. ಕಾಮಾಲೆಯ ವಿಷ ಏರುವುದೇ ಆ ದಾರಿಗೆ. ಕೋಶಗಳು ಸರಿಯಿದ್ದೂ ನರದ ಸುದ್ದಿ ಚೆದುರಿಹೋಗುವ ಈ ಸ್ಥಿತಿಗೆ ಆಡಿಟರಿ ನ್ಯೂರೋಪತಿ ಎಂಬ ಹೆಸರು ಬಂದದ್ದು 1996ರಲ್ಲಿ. ಆದ್ದರಿಂದಲೇ ಎನ್‌ಐಸಿಯು ಮಕ್ಕಳನ್ನು ಓಎಇ ಒಂದನ್ನೇ ನಂಬಿ ಮನೆಗೆ ಕಳಿಸಬಾರದು. ಬೆರಾ ಯಂತ್ರ ದುಬಾರಿ, ಎಲ್ಲ ಊರುಗಳಲ್ಲೂ ಇಲ್ಲ ಎಂಬ ಮಾತು ನಿಜ. ಆದರೆ ಬೆಂಗಳೂರಿನ ಸೋಹಮ್ ಸಂಸ್ಥೆ ಮಿದುಳಿನ ಅಲೆಯನ್ನೇ ಹಿಡಿಯುವ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರವನ್ನು 2017ರಲ್ಲೇ ಹೊರತಂದಿದೆ. ಮನಸ್ಸಿದ್ದರೆ ದಾರಿಯಿದೆ.

26 ಸೆಪ್ಟೆಂಬರ್, ಗುರುವಾರ

ಸರಗೂರಿನವರು ಬರಲಿಲ್ಲ. ಚೀಟಿಯಲ್ಲಿದ್ದ ಫೋನು ಗಂಡನದು, ಅವರು ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ. ‘ನಲವತ್ತು ದಿನ ಆಗೋವರೆಗೂ ಹೊಸಿಲು ದಾಟಿಸಲ್ಲ ಅಂತಾರೆ ಮೇಡಂ. ಐದು ತಿಂಗಳಿಗೆ ಕರ್ಕೊಂಡು ಬರ್ತೀವಲ್ಲ, ಆಗ ತೋರಿಸ್ತೀವಿ’ ಎಂದರು.

ಐದು ತಿಂಗಳು! ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಶ್ರವಣಸಾಧನ ಮತ್ತು ತರಬೇತಿ ಎನ್ನುವುದು ಹಲವು ದೇಶಗಳವರು ಹೇಳುವ ಗಡುವು. ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟು ಮುಂದಿರುತ್ತದೆ ಎಂದು ಕೊಲರಾಡೊದ ಯೋಶಿನಾಗಾ-ಇಟಾನೊ 1998ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲಿ ಆ ಗಡುವಿನ ಮುಕ್ಕಾಲು ಪಾಲು ಬಾಣಂತನದಲ್ಲೇ ಕಳೆಯುತ್ತದೆ, ಅದೂ ಬೇರೆ ತಾಲ್ಲೂಕಿನಲ್ಲಿ. ಬಾಣಂತನವನ್ನು ದೂರಲು ನನಗೆ ಮನಸ್ಸಿಲ್ಲ. ಹೆತ್ತವಳಿಗೆ ಅಷ್ಟು ದಿನ ಬಿಸಿನೀರು, ಹೊತ್ತುಹೊತ್ತಿಗೆ ಊಟ, ನಿದ್ದೆ ಇನ್ನೆಲ್ಲಿ ಸಿಗುತ್ತವೆ? ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಮನೆಯ ವಿಳಾಸ ಬರೆಸಿಕೊಂಡು, ತವರಿನಲ್ಲಿರುವ ಮಗುವಿಗೆ ಕಾಯುತ್ತೇವೆ. ತಪ್ಪುತ್ತಿರುವುದು ಅಲ್ಲಿ.

16 ಅಕ್ಟೋಬರ್, ಬುಧವಾರ

ದಸರೆಯ ಜನ ಕರಗಿದರು, ರಾಮಾನುಜ ರಸ್ತೆಯಲ್ಲಿ ಮತ್ತೆ ನಡೆದಾಡಬಹುದು.

ಸರಗೂರಿನ ಆ ಹಳ್ಳಿಯ ಆಶಾ ಕಾರ್ಯಕರ್ತೆ ಕೊನೆಗೂ ಸಿಕ್ಕರು. ಲಸಿಕೆಗೆ ಹೋದಾಗ ತಾಯಿಯ ಕೈಗೇ ಫೋನು ಕೊಟ್ಟರು. ತಾಯಿ ಮೆಲ್ಲಗೆ ಕೇಳಿದಳು: ‘ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದೆ ಅಂತ ಅತ್ತೆ ಹೇಳ್ತಾರೆ. ಅದಕ್ಕೇನಾ?’ ಅಲ್ಲ, ಅಲ್ಲ, ನಿನ್ನ ಯಾವ ತಪ್ಪೂ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಸಾಲದೆನಿಸಿತು. ಹುಟ್ಟು ಕಿವುಡಿಗೆ ದೊಡ್ಡ ಕಾರಣ ವಂಶವಾಹಿ. ಕೇಳುವ ತಂದೆ, ಕೇಳುವ ತಾಯಿ ಇಬ್ಬರೂ ತಿಳಿಯದೇ ಅದನ್ನು ಹೊತ್ತಿರಬಹುದು, ಸಂಬಂಧದ ಮದುವೆ ಅಲ್ಲದಿದ್ದರೂ. ಹೀಗಿದ್ದೂ ದೂರೆಲ್ಲ ಹೆತ್ತವಳ ತಲೆಗೇ.

ಮುಂದಿನ ಹಬ್ಬ ಕಳೆದ ಮೇಲೆ ಬರುವುದಾಗಿ ಒಪ್ಪಿದ್ದಾಳೆ.

4 ನವೆಂಬರ್, ಸೋಮವಾರ

ಬಂದರು! ಅಜ್ಜಿಯೂ ಜೊತೆಗೆ. ಕಿವಿಯಲ್ಲಿ ಎಣ್ಣೆ ತುಂಬಿತ್ತು, ದಿನಾ ನೀರೆರೆದ ಮೇಲೆ ಬಿಡುತ್ತಾರಂತೆ. ಇಎನ್‌ಟಿ ವೈದ್ಯರು ಶುಚಿಮಾಡಿ ಕಿವಿಯ ಪರದೆ ನೋಡಿದ ಮೇಲೆ ಮಗುವನ್ನು ಮಲಗಿಸಿದೆವು. ಎಣ್ಣೆಯಿಂದ ನಾಳದಲ್ಲಿ ಬೂಷ್ಟು ಕಟ್ಟಬಹುದು, ಮೈಗೆ ಎಷ್ಟಾದರೂ ಹಚ್ಚಿ, ಕಿವಿಗೆ ಬೇಡ ಎಂದೆ. ಅಜ್ಜಿ ಈ ಸಲ ಒಪ್ಪಿಯೇ ತಲೆಯಾಡಿಸಿದರು.

ಈ ವಯಸ್ಸಿನಲ್ಲಿ ನಿದ್ದೆಯ ಔಷಧ ಬೇಕಾಗುವುದಿಲ್ಲ, ಹಾಲು ಕುಡಿಸಿ ಮಲಗಿಸಿದರೆ ಸಾಕು. ಆರು ತಿಂಗಳು ದಾಟಿದವರನ್ನು ಮಲಗಿಸುವ ಪಾಡು ಗೊತ್ತಿರುವವರಿಗೆ ಗೊತ್ತು. ನಡುಗಿವಿ ಸರಿಯಿದೆ. ಬೆರಾದಲ್ಲಿ ಬಲಗಿವಿಗೆ 80 ಡೆಸಿಬಲ್‌ನಲ್ಲಿ ಐದನೇ ಅಲೆ ಮಂಕಾಗಿ ಕಂಡಿತು, ಎಡಕ್ಕೆ 90ರಲ್ಲೂ ಇಲ್ಲ. ಇನ್ನು ಸಂಶಯವಿಲ್ಲ.

ತಾಯಿ ಅತ್ತಳು. ಅವಳ ಅಳು ನಿಲ್ಲುವವರೆಗೆ ನಾನು ಮಾತಾಡಲಿಲ್ಲ. ಆಮೇಲೆ ಹೇಳಿದೆ: ಮೂರು ತಿಂಗಳು ತುಂಬುವ ಮೊದಲೇ ಗೊತ್ತಾಗಿದೆ, ಇದು ಒಳ್ಳೆಯ ಸುದ್ದಿ. ಆ ಮಾತನ್ನು ನಂಬಿಯೇ ಹೇಳಿದೆ. ನಮ್ಮ ಹೊರರೋಗಿ ವಿಭಾಗಕ್ಕೆ ‘ಇನ್ನೂ ಮಾತು ಬಂದಿಲ್ಲ’ ಎಂದು ಮೂರನೆಯ ವರ್ಷದಲ್ಲಿ ಕರೆತರುವ ಮಕ್ಕಳನ್ನು ನೋಡಿದ್ದೇನೆ. ‘ಅವರಪ್ಪನಿಗೂ ನಿಧಾನವಾಗೇ ಬಂತು’ ಎಂಬ ಸಮಾಧಾನದಲ್ಲಿ ಆ ವರ್ಷಗಳು ಹೋಗಿರುತ್ತವೆ.

22 ನವೆಂಬರ್, ಶುಕ್ರವಾರ

ಎರಡೂ ಕಿವಿಗೆ ಶ್ರವಣಸಾಧನ ಹಾಕಿದೆವು. ಮುಂದಿನ ತರಬೇತಿ ಎಲ್ಲಿ ಎಂಬುದು ದೊಡ್ಡ ಪ್ರಶ್ನೆ. 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ, ಅದು ಮೈಸೂರಿನ ಪುಣ್ಯ. ಆದರೆ ವಾರವಾರ ಸರಗೂರಿನಿಂದ ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಬರುವುದು ಬಾಣಂತಿಗೆ ಸುಲಭವಲ್ಲ. ಸಂಸ್ಥೆಯ ಹೊರಸೇವಾ ಕೇಂದ್ರಗಳು ಅಕ್ಕಿಹೆಬ್ಬಾಳು, ಗುಂಬಳ್ಳಿ, ಹುಲ್ಲಹಳ್ಳಿಗಳಲ್ಲಿವೆ. ಹುಲ್ಲಹಳ್ಳಿ ಅವರಿಗೆ ದಾರಿಯ ಊರು. ಅಲ್ಲಿ ಯಾವ ದಿನ ಅನುಕೂಲ ಎಂದು ಸೋಮವಾರ ವಿಚಾರಿಸಬೇಕು. ಸಾಧನದಿಂದ ಸಾಲದಿದ್ದರೆ ಒಂದು ವರ್ಷದ ಹೊತ್ತಿಗೆ ಕಾಕ್ಲಿಯರ್ ಇಂಪ್ಲಾಂಟ್. ಅದಕ್ಕೆ ಕೇಂದ್ರದ ಅಡಿಪ್ ಯೋಜನೆಯ ನೆರವಿದೆ. ಅರ್ಜಿಯ ಕಾಗದಗಳನ್ನು ಈಗಿನಿಂದಲೇ ಜೋಡಿಸಿಡಲು ತಂದೆಗೆ ಹೇಳಿದ್ದೇನೆ.

ತಾಯಿಗೆ ಹೇಳಿದ ಕೆಲಸ ಒಂದೇ: ಎಚ್ಚರವಿರುವ ಹೊತ್ತೆಲ್ಲ ಸಾಧನ ಕಿವಿಯಲ್ಲಿರಲಿ, ನೀನು ಮಾತಾಡುತ್ತಲೇ ಇರು.

12 ಡಿಸೆಂಬರ್, ಗುರುವಾರ

ಇಂದಿನಿಂದ ನಮ್ಮ ವಾರ್ಡಿನ ಚೀಟಿಯಲ್ಲಿ ಎರಡು ಹೊಸ ಸಾಲು: ತವರಿನ ಊರು, ಆ ಊರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರ್. ಬೆಳಿಗ್ಗೆ ದಾದಿಯರ ಜೊತೆ ಕೂತು ಮಾತಾಡಿದ್ದಾಯಿತು. ಹೆರಿಗೆಗೆ ದಾಖಲಾಗುವಾಗಲೇ ಬರೆಸಿಕೊಂಡರೆ ಒಳ್ಳೆಯದು, ಮನೆಗೆ ಹೊರಡುವ ಗಡಿಬಿಡಿಯಲ್ಲಿ ಯಾರಿಗೂ ವ್ಯವಧಾನವಿರುವುದಿಲ್ಲ ಎಂದು ಹಿರಿಯ ದಾದಿ ಹೇಳಿದರು. ಹೌದು, ಹಾಗೇ ಮಾಡೋಣ ಎಂದೆ. ಎರಡನೆಯ ಪರೀಕ್ಷೆಯನ್ನು ಆರು ವಾರದ ಲಸಿಕೆಯ ದಿನಕ್ಕೇ ಕಟ್ಟಿಹಾಕಬೇಕೆಂಬುದು ನನ್ನ ಆಸೆ. ನಲವತ್ತು ದಿನ ಅಷ್ಟರಲ್ಲಿ ಮುಗಿದಿರುತ್ತದೆ, ಲಸಿಕೆಗೆ ಅಜ್ಜಿಯರೂ ಅಡ್ಡಿ ಮಾಡುವುದಿಲ್ಲ.

ಮಧ್ಯಾಹ್ನ ಸರಗೂರಿನ ಮಗು ಬಂದಿತ್ತು. ಸಾಧನ ಸಿಳ್ಳೆ ಹೊಡೆಯುತ್ತಿದೆ. ಕಿವಿ ಬೆಳೆದು ಅಚ್ಚು ಸಡಿಲವಾಗಿದೆ; ಈ ವಯಸ್ಸಿನಲ್ಲಿ ಕೆಲವೇ ವಾರಕ್ಕೊಮ್ಮೆ ಹೊಸ ಅಚ್ಚು ಬೇಕು. ಅಳತೆ ತೆಗೆದು ಕಳಿಸಿದ್ದೇನೆ.