ಗೈಡ್ ಪಟ್ಟಿ ಅಲುಗಬಾರದು

"ಮೊದಲು ಪ್ಲಗ್ ಕಿತ್ತುಬಿಡಪ್ಪ," ಎನ್ನುತ್ತಾರೆ ನನ್ನ ಜೊತೆ ಬಂದ ಬಡಗಿ ಆಚಾರ್ರು.

ಅಂಗಡಿಯ ಹುಡುಗ ನನ್ನ ಮುಖ ನೋಡುತ್ತಾನೆ. ಇಲ್ಲಿಗೆ ಬರುವವರು ಸ್ವಿಚ್ ಹಾಕಿಸಿ ಸದ್ದು ಕೇಳುತ್ತಾರೆ, ಬ್ಲೇಡು ಗಿರ್ರೆಂದರೆ ತಲೆಯಾಡಿಸಿ ಬೆಲೆ ಕೇಳುತ್ತಾರೆ. ನಿಂತ ಯಂತ್ರವನ್ನು ನೋಡಬೇಕು ಎಂದವರನ್ನು ಅವನು ಹೆಚ್ಚು ಕಂಡಂತಿಲ್ಲ. ಪ್ಲಗ್ ಕಿತ್ತು, ವೈರನ್ನು ಮೇಜಿನ ಮೇಲೆಯೇ ಎಲ್ಲರಿಗೂ ಕಾಣುವಂತೆ ಇಡುತ್ತಾನೆ.

ಬೆಂಗಳೂರಿನ ಎಸ್‌ಜೆಪಿ ರಸ್ತೆ. ಅಂಗಡಿ ಅಗಲಕ್ಕೆ ಹತ್ತಡಿ ಇದ್ದೀತು, ಉದ್ದಕ್ಕೆ ಮಾತ್ರ ಒಳಗೆ ಹೋದಷ್ಟೂ ಇದೆ. ನೆತ್ತಿಯ ಮೇಲೆ ಚೈನ್ ಬ್ಲಾಕುಗಳು, ಗೋಡೆಗೆ ಡ್ರಿಲ್ ಬಿಟ್ಟುಗಳ ಡಬ್ಬಿ, ಕಾಲಡಿಯಲ್ಲಿ ಗ್ರೀಸು ಮೆತ್ತಿದ ರಟ್ಟು. ಹೊರಗೆ ಪೈಪು ಹೇರಿದ ತಳ್ಳುಗಾಡಿಯೊಂದು ದಾರಿ ಕಟ್ಟಿದೆ. ಹಾರನ್ನುಗಳ ನಡುವೆ ಮಾತಾಡಬೇಕಾದರೆ ಒಬ್ಬರ ಕಿವಿಗೆ ಒಬ್ಬರು ಬಾಗಬೇಕು. ಟೇಬಲ್ ಸಾ, ಅಂದರೆ ಮೇಜಿನ ನಡುವೆ ಬ್ಲೇಡು ಏಳುವ ಮರ ಕೊಯ್ಯುವ ಯಂತ್ರ, ಕೊಳ್ಳಲು ನನ್ನ ಬಳಿ ಇರುವುದು 30 ಸಾವಿರ ರೂಪಾಯಿ. ಮಾಡಬೇಕಾದ ಕೆಲಸ ಪುಸ್ತಕದ ಕಪಾಟು, ಮಗಳಿಗೆ ಓದುವ ಮೇಜು, ಆಮೇಲೆ ಅಡುಗೆಮನೆಯ ಡ್ರಾಯರುಗಳು. ಜಾಗ ಎಂದರೆ ಪೋರ್ಟಿಕೊ, ಅದೂ ಸ್ಕೂಟರನ್ನು ಹೊರಗೆ ತಳ್ಳಿದ ಮೇಲೆ.

ಮುಂದೆ ನಿಂತಿರುವುದು ಹೆಸರಿಲ್ಲದ ಒಂದು 10 ಇಂಚಿನ ಯಂತ್ರ. ಮೈಮೇಲೆ ದೊಡ್ಡಕ್ಷರದಲ್ಲಿ 2000 ವ್ಯಾಟ್ ಎಂದು ಬರೆದಿದೆ. ಬೆಲೆ ನನ್ನ ಲೆಕ್ಕಕ್ಕಿಂತ ಕೆಳಗೆ. ಮನಸ್ಸು ಆಗಲೇ ಅದರ ಕಡೆ ವಾಲಿದೆ.

ಹುಡುಗ ಹಿಡಿ ತಿರುಗಿಸಿ ಬ್ಲೇಡನ್ನು ಮೇಲೇರಿಸುತ್ತಾನೆ. ಆಚಾರ್ರು ಕಿವಿಯ ಸಂದಿನ ಪೆನ್ಸಿಲ್ ತೆಗೆದು ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕುತ್ತಾರೆ. ಮೇಜಿನ ಉದ್ದಕ್ಕೂ ಒಂದು ತೋಡು ಓಡುತ್ತದಲ್ಲ, ಕೋನದ ಗೇಜು ಜಾರುವ ತೋಡು, ಅದರ ಅಂಚಿನಿಂದ ಆ ಹಲ್ಲಿಗೆ ಎಷ್ಟು ದೂರ ಎಂದು ಸ್ಟೀಲ್ ಪಟ್ಟಿಯಿಂದ ಅಳೆಯುತ್ತಾರೆ. ಆಮೇಲೆ ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ತಂದು ಮತ್ತೆ ಅಳೆಯುತ್ತಾರೆ. ಅದೇ ಹಲ್ಲೇ ಆಗಬೇಕು. ಬೇರೆ ಹಲ್ಲಾದರೆ ಬ್ಲೇಡಿನದೇ ಸೊಟ್ಟ ಲೆಕ್ಕದೊಳಗೆ ನುಸುಳುತ್ತದೆ. ಪಟ್ಟಿಯ ಸಂದಿಗೆ ಬಿಲ್ ಪುಸ್ತಕದ ಒಂದು ಹಾಳೆ ತೂರಿಸಿ ನೋಡುತ್ತಾರೆ. ಹಾಳೆಯ ದಪ್ಪ ಸುಮಾರು 0.1 ಎಂಎಂ. ವ್ಯತ್ಯಾಸ ಅಷ್ಟರೊಳಗಿದ್ದರೆ ಮನೆಗೆಲಸಕ್ಕೆ ಬೇಕಾದಷ್ಟಾಯಿತು. ಇಲ್ಲಿ ಪರವಾಗಿಲ್ಲ.

"ಈಗ ಗೈಡು."

ಮರವನ್ನು ಒತ್ತಿ ತಳ್ಳಿಕೊಂಡು ಹೋಗಲು ಬ್ಲೇಡಿನ ಪಕ್ಕ ನಿಲ್ಲುವ ಉದ್ದನೆಯ ಪಟ್ಟಿ ಅದು. ಲಿವರ್ ಒತ್ತಿ ಬಿಗಿ ಮಾಡುತ್ತೇನೆ, ಟಕ್ ಎನ್ನುತ್ತದೆ. ಭದ್ರವಾಯಿತು ಎಂದುಕೊಳ್ಳುವಷ್ಟರಲ್ಲಿ ಆಚಾರ್ರು ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ದೂಡುತ್ತಾರೆ. ಪಟ್ಟಿ ಸರಿಯುತ್ತದೆ. ಬ್ಲೇಡಿನ ಕಡೆಗೇ, 2 ಎಂಎಂನಷ್ಟು. ಬಿಚ್ಚಿ ಮತ್ತೆ ಬಿಗಿ ಮಾಡಿದರೆ ಈ ಸಲ ಇನ್ನೊಂದು ಕಡೆ ಓರೆ.

"ಇದು ಒದೀತದೆ," ಎನ್ನುತ್ತಾರೆ.

ಆ ಒಂದು ಮಾತಿನಲ್ಲಿ ಏನಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅಗ್ಗದ ಯಂತ್ರ ಕೊಳ್ಳಹೊರಟವರು ಮೊದಲು ತಿಳಿಯಬೇಕಾದ್ದು ಇದೇ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತಿ ಕೊಯ್ಯುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಗೈಡ್ ಪಟ್ಟಿಯ ಹಿಂತುದಿ ಒಳಕ್ಕೆ ವಾಲಿದ್ದರೆ ಮರ ಪಟ್ಟಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದಿನ ಹಲ್ಲುಗಳು ಅದನ್ನು ಎತ್ತಿ ತಳ್ಳುವವನ ಹೊಟ್ಟೆಯ ಕಡೆಗೆ ಎಸೆಯುತ್ತವೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 3,650 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ ಸುಮಾರು 175 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗದಲ್ಲಿ ಬಂದ ಮರದ ತುಂಡನ್ನು ತಪ್ಪಿಸಿಕೊಳ್ಳಲು ಯಾರಿಗೂ ಆಗದು. ಮರವನ್ನು ಹಿಡಿದ ಕೈ ಅದೇ ಎಳೆತಕ್ಕೆ ಬ್ಲೇಡಿನ ಮೇಲೆ ಹೋಗುವುದೂ ಉಂಟು.

ಅಮೆರಿಕದಲ್ಲಿ ಸ್ಟೀವ್ ಗ್ಯಾಸ್ ಎಂಬವರು ಬೆರಳು ತಗುಲಿದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಹೊಡೆದು 5 ಮಿಲಿಸೆಕೆಂಡಿನೊಳಗೆ ನಿಲ್ಲಿಸುವ ವ್ಯವಸ್ಥೆ ಕಂಡುಹಿಡಿದರು. ಸಾಸ್ಟಾಪ್ ಎಂಬ ಯಂತ್ರ ಅದರಿಂದ ಬಂತು. ನನ್ನ 30 ಸಾವಿರಕ್ಕೆ ಅದು ನಿಲುಕುವ ಮಾತಲ್ಲ. ನಮ್ಮ ಬೆಲೆಗೆ ಸಿಗುವ ರಕ್ಷಣೆ ಎರಡೇ: ಅಲುಗದ ಗೈಡ್ ಪಟ್ಟಿ, ಮತ್ತು ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ತಗಡು. ತೇಗವೋ ಹಲಸೋ ಉದ್ದಕ್ಕೆ ಸೀಳುವಾಗ ಒಳಗಿನ ಬಿಗಿ ಸಡಿಲವಾಗಿ ಎರಡು ಹೋಳುಗಳು ಮತ್ತೆ ಕೂಡಿಕೊಳ್ಳಲು ನೋಡುತ್ತವೆ. ಆ ತಗಡು ಸೀಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಅದರ ದಪ್ಪ ಬ್ಲೇಡಿನ ಮೈಗಿಂತ ಹೆಚ್ಚು, ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆ ಇರಬೇಕು.

ಹೆಸರಿಲ್ಲದ ಯಂತ್ರದಲ್ಲಿ ಅದು ಎಲ್ಲಿ ಎಂದು ಕೇಳುತ್ತೇನೆ. ಹುಡುಗ ರಟ್ಟಿನ ಪೆಟ್ಟಿಗೆಯಲ್ಲಿ ಹುಡುಕುತ್ತಾನೆ, ಸಿಗುವುದಿಲ್ಲ. "ಅದಿಲ್ದಿದ್ರೂ ಓಡುತ್ತೆ ಸಾರ್." ಓಡುವುದೇನೋ ನಿಜ. ಆಚಾರ್ರು ಆಗಲೇ ಮುಂದಿನದರ ಕಡೆ ನಡೆದಿದ್ದಾರೆ.

ಒಳಗೆ ಬಾಷ್‌ನ ಜಿಟಿಎಸ್ 10 ಜೆ ಇದೆ, 1800 ವ್ಯಾಟಿನದು. ಅದರ ಪಕ್ಕ ಡಿವಾಲ್ಟ್‌ನ 7492; ಅದರ ಗೈಡ್ ಪಟ್ಟಿ ಹಲ್ಲುಚಕ್ರದ ಮೇಲೆ ಓಡುತ್ತದೆ, ಗುಂಡಿ ತಿರುಗಿಸಿದರೆ ಮುಂದೂ ಹಿಂದೂ ಒಟ್ಟಿಗೆ ಸರಿಯುತ್ತದೆ. ನಾನೇ ತಿರುಗಿಸಿ ನೋಡುತ್ತೇನೆ, ಕೈ ಬಿಡಲು ಮನಸ್ಸಾಗುವುದಿಲ್ಲ. ಬೆಲೆ ನನ್ನ ಹಣಕ್ಕೆ ಮೀರಿದ್ದು. ಆದರೂ ಮುಟ್ಟಿ ನೋಡಿದ್ದು ವ್ಯರ್ಥವಲ್ಲ. ಒಳ್ಳೆಯ ಗೈಡು ಹೇಗಿರುತ್ತದೆ ಎಂದು ಕೈಗೆ ಗೊತ್ತಾದ ಮೇಲೆ ಅಗ್ಗದ್ದರಲ್ಲಿ ಅದನ್ನು ಹುಡುಕಲು ಬರುತ್ತದೆ.

"ಬೆಲ್ಟಿನದು ನೋಡಿ ಸಾರ್, ಇಂಡಕ್ಷನ್ ಮೋಟ್ರು, ಸದ್ದೇ ಇಲ್ಲ," ಎಂದು ಮಾಲೀಕರು ಗಲ್ಲಾಪೆಟ್ಟಿಗೆಯಿಂದಲೇ ಕೂಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಇಂಡಕ್ಷನ್ ಮೋಟರಿಗೆ ಕಾರ್ಬನ್ ಬ್ರಷ್ ಸವೆಯುವ ತಾಪತ್ರಯವಿಲ್ಲ, ಅಕ್ಕಪಕ್ಕದವರ ಮಧ್ಯಾಹ್ನದ ನಿದ್ದೆಯೂ ಉಳಿಯುತ್ತದೆ. ಆದರೆ ಆ ಕಬ್ಬಿಣದ ತೂಕವನ್ನು ದಿನಾ ಪೋರ್ಟಿಕೊಗೆ ತಂದು ಒಳಗಿಡಲು ಇಬ್ಬರು ಬೇಕು. ಶೆಡ್ಡು ಇರುವವರು ಕಣ್ಣುಮುಚ್ಚಿ ಅದನ್ನೇ ಕೊಳ್ಳಲಿ.

ಫುಟ್‌ಪಾತಿನ ಅಂಚಿನಲ್ಲಿ ಮತ್ತೊಂದು ದಾರಿ ಕಾದಿದೆ: ನಡುವೆ ಸೀಳು ಬಿಟ್ಟ ಪ್ಲೈವುಡ್ ಹಲಗೆ, ಅದರ ಕೆಳಗೆ ತಲೆಕೆಳಗಾಗಿ ಸ್ಕ್ರೂ ಹೊಡೆದ ಮಾರ್ಬಲ್ ಕಟರ್. ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಇದೇ. ಖರ್ಚು ಕೆಲವೇ ಸಾವಿರ. ಕಲ್ಲಿಗೆಂದು ಮಾಡಿದ, ನಿಮಿಷಕ್ಕೆ 12 ಸಾವಿರ ಸುತ್ತಿನ ಮೇಲೆ ತಿರುಗುವ ಆ ಪುಟ್ಟ ಯಂತ್ರಕ್ಕೆ ಮರದ ಬ್ಲೇಡು ಹಾಕಿ, ಕವಚ ಬಿಚ್ಚಿ, ಸ್ವಿಚ್ಚನ್ನು ಒತ್ತಿದಂತೆಯೇ ಲಾಕ್ ಮಾಡಿರುತ್ತಾರೆ. ನಿಲ್ಲಿಸಬೇಕಾದರೆ ಹಲಗೆಯ ಕೆಳಗೆ ಕೈ ಹಾಕಬೇಕು. ಅದರಲ್ಲೇ ದಿನವಿಡೀ ದುಡಿಯುವವರ ಕೌಶಲದ ಮೇಲೆ ನನಗೆ ಗೌರವವಿದೆ. ರಜೆಯ ದಿನ ಮಾತ್ರ ಮರ ಮುಟ್ಟುವ ಯಾರಿಗೂ ಅದನ್ನು ಕೊಳ್ಳಿ ಎನ್ನಲಾರೆ.

ಮೂಲೆಯಲ್ಲಿ ಧೂಳು ಹಿಡಿದ 8 ಇಂಚಿನದೊಂದು ಇದೆ. ಹೆಸರು ಅಷ್ಟೇನೂ ಕೇಳಿದ್ದಲ್ಲ, ಶಕ್ತಿ 1200 ವ್ಯಾಟ್. ರೈವಿಂಗ್ ನೈಫ್ ಜಾಗದಲ್ಲೇ ಇದೆ, ಬ್ಲೇಡು ಏರಿಸಿದರೆ ಅದೂ ಜೊತೆಗೆ ಏರುತ್ತದೆ. ಗೈಡ್ ಪಟ್ಟಿಯನ್ನು ಮುಂದೆ ಬಿಗಿ ಮಾಡಿದರೆ ಹಿಂದೆಯೂ ಕಚ್ಚಿಕೊಳ್ಳುತ್ತದೆ. ಆಚಾರ್ರು ಹೆಬ್ಬೆರಳಿನಿಂದ ದೂಡುತ್ತಾರೆ, ಆಮೇಲೆ ಅಂಗೈ ಕೊಟ್ಟು ದೂಡುತ್ತಾರೆ. ಮೇಜೇ ಸರಿಯುತ್ತದೆ, ಪಟ್ಟಿ ಸರಿಯುವುದಿಲ್ಲ. ಮುಂದೆ ಹಿಂದೆ ಅಳೆದರೆ ತೋಡಿಗೆ ಒಂದೇ ದೂರ. ಸ್ಟೀಲ್ ಪಟ್ಟಿಯನ್ನು ಮೇಜಿನ ಮೇಲೆ ನಿಲ್ಲಿಸಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಬಲಮೂಲೆಯಲ್ಲಿ ಮಾತ್ರ ಬೆಳಕಿನ ಸಣ್ಣ ಗೆರೆ, ಬ್ಲೇಡಿನ ಸುತ್ತ ಏನೂ ಇಲ್ಲ.

"ಎಂಟಿಂಚು ಸಾಕಾ ಆಚಾರ್ರೇ?"

"ನೀವೇನು ತೊಲೆ ಕೊಯ್ತೀರಾ?"

ಬ್ಲೇಡನ್ನು ಪೂರ್ತಿ ಏರಿಸಿ ಅಳೆಯುತ್ತೇನೆ, ಎರಡು ಇಂಚಿನ ಮೇಲೆ ಚೂರು. 18 ಎಂಎಂ ಪ್ಲೈಗೆ, ಮೇಜಿನ ಕಾಲಿಗೆ ಬೇಕಾದ ಒಂದೂವರೆ ಇಂಚಿನ ತೇಗಕ್ಕೆ ಇದು ಧಾರಾಳ. ಶಕ್ತಿ ಕಡಿಮೆಯಾದರೆ ನಿಧಾನ ತಳ್ಳಬೇಕು, ಅಷ್ಟೆ.

ಉಳಿದ ಹಣದಲ್ಲಿ ಬ್ಲೇಡು. ಯಂತ್ರದ ಜೊತೆ ಬಂದಿರುವುದು 24 ಹಲ್ಲಿನದು. ಎಳೆಯ ಗುಂಟ ಸೀಳಲು ಆಗುತ್ತದೆ, ಪ್ಲೈವುಡ್ಡಿನ ಮೇಲ್ಪದರವನ್ನು ಮಾತ್ರ ಕಿತ್ತು ಹಾಕುತ್ತದೆ. 60 ಹಲ್ಲಿನ ಕಾರ್ಬೈಡ್ ಬ್ಲೇಡು ಕೇಳುತ್ತೇನೆ. ಹುಡುಗ ತಂದದ್ದರ ನಡುವಿನ ತೂತು ಯಂತ್ರದ ದಂಡಕ್ಕಿಂತ ದೊಡ್ಡದು. ರಿಂಗ್ ಹಾಕಿಕೊಳ್ಳಿ ಎನ್ನುತ್ತಾನೆ. ಬೇಡ, ಅಳತೆಗೆ ಸರಿಯಾದದ್ದೇ ಬೇಕು. ಗೋದಾಮಿನಿಂದ ತರಿಸುವ ಹೊತ್ತಿಗೆ ಒಂದು ಜೊತೆ ಕಾರ್ಬನ್ ಬ್ರಷ್ಷನ್ನೂ ಬಿಲ್ಲಿಗೆ ಸೇರಿಸುತ್ತೇನೆ. ಹೆಸರು ಕಡಿಮೆ ಕೇಳಿದ ಯಂತ್ರದ ಬಿಡಿಭಾಗ ನಾಳೆ ಸಿಗುತ್ತದೆಂಬ ನೆಚ್ಚಿಕೆ ಇಟ್ಟುಕೊಳ್ಳಬಾರದು.

"ಮನೇಲಿ 16 ಆಂಪ್ಸ್ ಪಾಯಿಂಟ್ ಇದೆಯಾ?" ಮಾಲೀಕರ ಪ್ರಶ್ನೆ ಸರಿಯಾದದ್ದೇ. 1200 ವ್ಯಾಟ್ ಎಂದರೆ 230 ವೋಲ್ಟಿಗೆ ಐದು ಆಂಪ್ಸ್ ದಾಟುತ್ತದೆ, ಚಾಲೂ ಆಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಟಿ.ವಿ. ಪಾಯಿಂಟಿನಿಂದ ಎಳೆದ ಸಪೂರ ಎಕ್ಸ್‌ಟೆನ್ಶನ್ ವೈರು ಬಿಸಿಯಾಗುತ್ತದೆ.

ಆಚಾರ್ರು ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಿಂದ ತಳ್ಳುಕೋಲಿನ ಚಿತ್ರ ಬರೆಯುತ್ತಾರೆ: ಒಂದಡಿ ಉದ್ದ, ಮರದ ತುದಿ ಕೂರಲು ಹಿಮ್ಮಡಿಯಂಥ ಕಚ್ಚು. "ಮೊದಲು ಇದನ್ನ ಮಾಡ್ಕೊಳ್ಳಿ, ಎರಡು. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಹೆಜ್ಜೆ ಪಕ್ಕಕ್ಕಿರಿ. ಗ್ಲೌಸ್ ಹಾಕ್ಕೋಬೇಡಿ, ಹಲ್ಲು ಬಟ್ಟೆ ಎಳ್ಕೊಳ್ಳುತ್ತೆ." ಇನ್ನೊಂದು ಮಾತು ನೆನಪಾಗಿ ಪೆನ್ಸಿಲ್ ನಿಲ್ಲಿಸುತ್ತಾರೆ. ಎಂಟಡಿ ನಾಲ್ಕಡಿಯ ಪ್ಲೈ ಹಾಳೆಯ ಭಾರ ಮೂವತ್ತು ಕೆ.ಜಿ.ಯ ಆಸುಪಾಸು; ಈ ಮೇಜಿನ ಮೇಲೆ ಅದನ್ನು ಏರಿಸಿದರೆ ಮೇಜೇ ಮಗುಚುತ್ತದೆ. ಪ್ಲೈ ಅಂಗಡಿಯಲ್ಲೇ ಒಂದಡಿ ಅಗಲದ ಪಟ್ಟಿಗಳಾಗಿ ಕೊಯ್ಸಿಕೊಳ್ಳಬೇಕು, ಅರ್ಧ ಇಂಚು ಹೆಚ್ಚಿಟ್ಟು. ಆ ಅರ್ಧ ಇಂಚನ್ನು ಮನೆಯಲ್ಲಿ, ಈ ಗೈಡಿಗೆ ಒತ್ತಿ, ತೆಗೆಯಬೇಕು.